ಪಾಡ್‌ಕಾಸ್ಟ್: ಅಡುಗೆಮನೆ ಸಿಂಕ್‌ನ ನಲ್ಲಿ ನಾವೇ ಬದಲಾಯಿಸೋದು ಹೇಗೆ? ಹನಿಯ ಲೆಕ್ಕದಿಂದ ಟೆಫ್ಲಾನ್ ಟೇಪ್‌ವರೆಗೆ

ಬಸ್ಸಲ್ಲಿ ಕಿಟಕಿ ಪಕ್ಕ ಕೂತು ಕೇಳ್ತಿರೋರಿಗೆ, ಪಾತ್ರೆ ತೊಳೀತಾ ಕೇಳ್ತಿರೋರಿಗೆ, ರಾತ್ರಿ ನಿದ್ದೆ ಬರದೆ ಒಂದೇ ಇಯರ್‌ಫೋನ್ ಸಿಕ್ಕಿಸ್ಕೊಂಡು ಮಲಗಿರೋರಿಗೆ, ಎಲ್ಲರಿಗೂ ಸ್ವಾಗತ. ನಾನು ಮಾತಾಡ್ತಿರೋದು ಅಂತರಘಟ್ಟೆಯಿಂದ. ಚಿಕ್ಕಮಗಳೂರು ಜಿಲ್ಲೆ ಅಂದ ತಕ್ಷಣ ಕಾಫಿ ತೋಟ, ಮಂಜು, ಮಳೆ ಅಂದ್ಕೋಬೇಡಿ. ನಮ್ಮದು ಜಿಲ್ಲೆಯ ಬಯಲುಸೀಮೆ ಭಾಗ. ತೆಂಗು, ಅಡಿಕೆ, ರಾಗಿ, ಈರುಳ್ಳಿ, ಮತ್ತೆ ಬೋರ್‌ವೆಲ್. ದುರ್ಗಾಂಬಾ ಜಾತ್ರೆಗೆ ಎತ್ತಿನ ಗಾಡಿ ಕಟ್ಕೊಂಡು ಬಂದಿರೋರಿಗೆ ಊರು ಗೊತ್ತಿರುತ್ತೆ.

ಇವತ್ತಿನ ವಿಷಯ ತುಂಬ ಸಣ್ಣದು. ಅರ್ಧ ಇಂಚಿನದು. ಅಡುಗೆಮನೆ ಸಿಂಕ್ ಮೇಲಿನ ನಲ್ಲಿ. ಉತ್ತರ ಕರ್ನಾಟಕದ ಗೆಳೆಯರು ನಳ ಅಂತೀರಲ್ಲ, ಅದೇ. ಅದು ಸೋರೋಕೆ ಶುರುವಾದಾಗ ಅದನ್ನ ಬಿಚ್ಚಿ, ಹೊಸದು ಹಾಕೋದು ಹೇಗೆ ಅಂತ ಹೇಳ್ತೀನಿ. ನಾನು ಓದಿದ್ದು ಬಿ.ಕಾಂ. ಡೆಬಿಟ್ಟು ಕ್ರೆಡಿಟ್ಟು ಬಿಟ್ರೆ ಐಟಿಐ ಕಡೆ ಕಾಲಿಟ್ಟೋಳಲ್ಲ. ಆದ್ರೂ ನಮ್ಮನೆ ನಲ್ಲಿ ನಾನೇ ಬದಲಾಯಿಸಿದೀನಿ, ಅದು ಇವತ್ತಿಗೂ ಒಂದು ಹನಿ ಸೋರ್ತಿಲ್ಲ. ಹಾಗಾಗಿ ಹೇಳೋ ಹಕ್ಕು ಸ್ವಲ್ಪ ಇದೆ ಅಂದ್ಕೊಂಡಿದೀನಿ.

ಮೊದಲು ಲೆಕ್ಕ

ಕಾಮರ್ಸ್ ಓದಿದೋರು ಎಲ್ಲಿ ಹೋದ್ರೂ ಲೆಕ್ಕದಿಂದಲೇ ಶುರು ಮಾಡೋದು. ನಿಮ್ಮ ಸಿಂಕ್ ನಲ್ಲಿ ತೊಟ್ಟಿಕ್ತಾ ಇದ್ರೆ, ಇವತ್ತು ರಾತ್ರಿ ಒಂದು ಕೆಲಸ ಮಾಡಿ. ಪಾತ್ರೆ ಎಲ್ಲ ತೊಳೆದಾದ್ಮೇಲೆ ನಲ್ಲಿ ಕೆಳಗೆ ಒಂದು ಲೋಟ ಇಡಿ. ಮೊಬೈಲಲ್ಲಿ 10 ನಿಮಿಷ ಟೈಮರ್ ಹಾಕಿ. 10 ನಿಮಿಷ ಆದ್ಮೇಲೆ ಆ ನೀರನ್ನ ಅಳತೆ ಮಾಡಿ. ಮಗುವಿನ ಔಷಧಿ ಜೊತೆ ಬರೋ ಅಳತೆ ಮುಚ್ಚಳ ಇದ್ರೂ ಸಾಕು. ಬಂದ ಸಂಖ್ಯೆಯನ್ನ 144ರಿಂದ ಗುಣಿಸಿ, ಯಾಕಂದ್ರೆ ಒಂದು ದಿನದಲ್ಲಿ 10 ನಿಮಿಷದ ತುಂಡುಗಳು 144 ಇವೆ.

10 ನಿಮಿಷಕ್ಕೆ 50 ಮಿಲಿಲೀಟರ್ ಬಂತು ಅಂದ್ಕೊಳ್ಳಿ. ಅದು ಕಾಲು ಲೋಟ ಕೂಡ ತುಂಬಲ್ಲ. ದಿನಕ್ಕೆ 7.2 ಲೀಟರ್ ಆಯ್ತು. ವರ್ಷಕ್ಕೆ 2,628 ಲೀಟರ್. ಒಂದು ಸಾವಿರ ಲೀಟರಿನ ಟ್ಯಾಂಕ್ ಎರಡೂವರೆ ಸಲಕ್ಕಿಂತ ಜಾಸ್ತಿ ಖಾಲಿ ಆದಂಗೆ.

ಇನ್ನೊಂದು ಅಂಕಿ ಪಕ್ಕದಲ್ಲಿಟ್ಟು ನೋಡಿ. 2019ರ ಆಗಸ್ಟ್ 15ಕ್ಕೆ ಘೋಷಣೆಯಾದ ಜಲ ಜೀವನ್ ಮಿಷನ್, ನಮ್ಮ ರಾಜ್ಯದಲ್ಲಿ 'ಮನೆ ಮನೆಗೆ ಗಂಗೆ' ಅಂತ ಕರೆಯೋದು, ಅದರ ಗುರಿ ಏನು? ಹಳ್ಳಿಯ ಪ್ರತಿ ಮನೆಗೂ ನಲ್ಲಿ, ಒಬ್ಬ ವ್ಯಕ್ತಿಗೆ ದಿನಕ್ಕೆ 55 ಲೀಟರ್ ನೀರು. ಆ 2,628 ಲೀಟರನ್ನ 55ರಿಂದ ಭಾಗಿಸಿ. ಹತ್ತಿರ ಹತ್ತಿರ 48. ಅಂದ್ರೆ ಒಬ್ಬ ಮನುಷ್ಯನ 48 ದಿನದ ನೀರು, ಕುಡಿಯೋದು, ಸ್ನಾನ, ಬಟ್ಟೆ ಎಲ್ಲ ಸೇರಿ, ಟಪ್ ಟಪ್ ಅಂತ ಚರಂಡಿಗೆ ಹೋಗ್ತಿದೆ. ಪೇಟೆಯಲ್ಲಿ ಇದು ನೀರಿನ ಬಿಲ್. ನಮ್ಮಲ್ಲಿ ಇದು ಬೋರ್‌ವೆಲ್‌ನ ಆಯಸ್ಸು. ಭದ್ರಾ ಮೇಲ್ದಂಡೆ ಯೋಜನೆಯ ಸುರಂಗ ಅಜ್ಜಂಪುರದ ಪಕ್ಕದಲ್ಲೇ ಹಾದುಹೋಗಿದೆ, ನಮ್ಮ ತಾಲೂಕಿನ ನೆಲದೊಳಗೇ ನೀರು ಚಿತ್ರದುರ್ಗದ ಕಡೆ ಹೋಗುತ್ತೆ. ಆದ್ರೆ ಅಡುಗೆಮನೆಗೆ ಬರೋ ನೀರು ಇವತ್ತಿಗೂ ನೆಲದಾಳದಿಂದ ಎತ್ತಿದ್ದು. ಕರೆಂಟ್ ಇದ್ದಾಗ ಎತ್ತಬೇಕು, ಟ್ಯಾಂಕಲ್ಲಿ ಇಟ್ಕೋಬೇಕು.

ಸರ್ಕಾರದ ಯೋಜನೆ ನೀರನ್ನ ಮನೆ ಬಾಗಿಲಿಗೆ ತರುತ್ತೆ. ಬಾಗಿಲಿಂದ ಸಿಂಕ್‌ವರೆಗಿನ ದಾರಿ ನಮ್ಮದು. ಆ ದಾರಿಯ ಕೊನೆಯ ಕಾವಲುಗಾರ ಈ ನಲ್ಲಿ.

ನಮ್ಮನೇಲಿ ಯಾಕೆ ಬದಲಾಯಿಸಿದ್ವಿ

ಲೆಕ್ಕ ಒಂದು ಕಾರಣ. ಇನ್ನೊಂದು ಕಾರಣ ನಮ್ಮಮ್ಮನ ಕೈ.

ನಮ್ಮನೇಲಿ ಇದ್ದಿದ್ದು ಹಳೇ ಕಾಲದ ತಿರುಗಿಸೋ ನಲ್ಲಿ. ಮುಚ್ಚೋಕೆ ಮೂರ್ನಾಲ್ಕು ಸುತ್ತು ತಿರುಗಿಸಬೇಕು, ಕೊನೆಗೆ ಒಂದು ಬಿಗಿ ಕೊಡಬೇಕು. ಅಮ್ಮನಿಗೆ ಎರಡು ವರ್ಷದಿಂದ ಬೆರಳಿನ ಗೆಣ್ಣು, ಮಣಿಕಟ್ಟು ನೋವು. ಆ ಕೊನೆಯ ಬಿಗಿ ಕೊಡೋಕೆ ಅವರು ಏನು ಮಾಡ್ತಿದ್ರು ಗೊತ್ತಾ? ಸೀರೆ ಸೆರಗು ನಲ್ಲಿ ತಲೆಗೆ ಸುತ್ತಿ, ಎರಡೂ ಕೈಯಲ್ಲಿ ಹಿಡ್ಕೊಂಡು ತಿರುಗಿಸ್ತಿದ್ರು. ದಿನಕ್ಕೆ ಎಷ್ಟು ಸಲ? ಅಕ್ಕಿ ತೊಳೆಯೋವಾಗ, ಸೊಪ್ಪು ತೊಳೆಯೋವಾಗ, ಕಾಫಿ ಲೋಟ ತೊಳೆಯೋವಾಗ. ನಾನು ಒಂದು ಭಾನುವಾರ ಕೂತು ಎಣಿಸಿದೆ. ಮಧ್ಯಾಹ್ನ ಊಟದ ಹೊತ್ತಿಗೇ ಮೂವತ್ತು ದಾಟಿತ್ತು, ಆಮೇಲೆ ಎಣಿಸೋದು ಬಿಟ್ಟೆ.

"ಹೇಳೋದಲ್ವೇನಮ್ಮಾ" ಅಂದ್ರೆ, "ಒಂದು ನಲ್ಲಿಗೆ ಯಾರನ್ನ ಕರೆಸ್ತೀಯ" ಅಂದ್ರು. ಈ ಮಾತು ನಿಮ್ಮನೇಲೂ ಕೇಳಿರ್ತೀರಿ. ಟಿವಿ ಕೆಟ್ರೆ ಅವತ್ತೇ ಮೆಕ್ಯಾನಿಕ್ ಬರ್ತಾನೆ. ಬೈಕ್ ಸ್ಟಾರ್ಟ್ ಆಗ್ಲಿಲ್ಲ ಅಂದ್ರೆ ಹೊಲದ ಕೆಲಸ ನಿಲ್ಸಿ ಗ್ಯಾರೇಜಿಗೆ ಹೋಗ್ತೀವಿ. ಅಡುಗೆಮನೆ ರಿಪೇರಿ ಮಾತ್ರ ಪಟ್ಟಿಯ ಕೊನೇಲಿ ಇರುತ್ತೆ, ಯಾಕಂದ್ರೆ ಅದರ ತೊಂದರೆ ಅನುಭವಿಸೋರು ಅದನ್ನ ತೊಂದರೆ ಅಂತ ಹೇಳೋದೇ ಇಲ್ಲ. ಸೆರಗು ಸುತ್ಕೊಂಡು ತಿರುಗಿಸ್ತಾರೆ.

ಅಮೆರಿಕದಲ್ಲಿ 1990ರಲ್ಲಿ ಅಂಗವಿಕಲರ ಹಕ್ಕಿನ ಕಾನೂನು ಬಂತು. ಅದರಡಿ ಇರೋ ಕಟ್ಟಡ ನಿಯಮಗಳಲ್ಲಿ ನಲ್ಲಿ ಬಗ್ಗೆಯೂ ಒಂದು ಮಾತಿದೆ: ಒಂದೇ ಕೈಯಲ್ಲಿ, ಬಿಗಿಯಾಗಿ ಹಿಡಿಯದೆ, ಮಣಿಕಟ್ಟು ತಿರುಚದೆ ಅದನ್ನ ತೆಗೆದು ಮುಚ್ಚೋಕೆ ಆಗಬೇಕು. ಬೇಕಾಗೋ ಬಲ 5 ಪೌಂಡ್ ಮೀರಬಾರದು. ಅಂದ್ರೆ ಎರಡು ಕಾಲು ಕೆಜಿ ತೂಕದಷ್ಟು. ನಮ್ಮನೆ ನಲ್ಲಿ ಆ ಪರೀಕ್ಷೆಯಲ್ಲಿ ಖಂಡಿತ ಫೇಲ್. ನಿಮ್ಮನೆ ನಲ್ಲಿಗೂ ಒಂದು ಸುಲಭ ಪರೀಕ್ಷೆ ಇದೆ. ಮುಷ್ಟಿ ಕಟ್ಟಿ, ಆ ಮುಷ್ಟಿಯಿಂದಲೇ ನಲ್ಲಿ ಮುಚ್ಚೋಕೆ ಆಗುತ್ತಾ ನೋಡಿ. ಆದ್ರೆ ಪಾಸ್.

ಬದಲಾಯಿಸಲೇಬೇಕಾ?

ತಕ್ಷಣ ಅಂಗಡಿಗೆ ಓಡ್ಬೇಡಿ. ನಲ್ಲಿ ಎಲ್ಲಿಂದ ಸೋರ್ತಿದೆ ಅಂತ ನೋಡಿ.

ಮುಚ್ಚಿದ ಮೇಲೂ ಮೂತಿಯಿಂದ ತೊಟ್ಟಿಕ್ಕಿದ್ರೆ, ತಿರುಗಿಸೋ ನಲ್ಲಿಯಲ್ಲಾದ್ರೆ ಒಳಗಿನ ರಬ್ಬರ್ ವಾಷರ್ ಸವೆದಿರುತ್ತೆ. ಕೆಲವೇ ರೂಪಾಯಿ ವಸ್ತು ಅದು. ಕಾಲು ಸುತ್ತಿನ ಲಿವರ್ ನಲ್ಲಿಯಾದ್ರೆ ಒಳಗೆ ವಾಷರ್ ಬದಲು ಎರಡು ಸೆರಾಮಿಕ್ ಬಿಲ್ಲೆ ಇರೋ ಒಂದು ಕಾರ್ಟ್ರಿಜ್ ಇರುತ್ತೆ. ಅಂಗಡಿಯವರು ಅದನ್ನೂ ಸ್ಪಿಂಡಲ್ ಅಂತಲೇ ಕರೀತಾರೆ. ಅದನ್ನೊಂದೇ ಬದಲಾಯಿಸಬಹುದು. ಹಳೇದನ್ನ ಕೈಯಲ್ಲಿ ಹಿಡ್ಕೊಂಡೇ ಹೋಗಿ, ಯಾಕಂದ್ರೆ ಉದ್ದ, ಹಲ್ಲಿನ ಸಂಖ್ಯೆ ಕಂಪನಿಯಿಂದ ಕಂಪನಿಗೆ ಬೇರೆ.

ನಲ್ಲಿ ತೆಗೆದಾಗ ಮಾತ್ರ ಹಿಡಿಯ ಕೆಳಗಿಂದ ನೀರು ಜಿನುಗಿದ್ರೆ ಸ್ಪಿಂಡಲ್ ಸುತ್ತಲಿನ ರಿಂಗ್ ಹೋಗಿದೆ. ಗೋಡೆಗೆ ಸೇರೋ ಜಾಗದಲ್ಲಿ ಜಿನುಗಿದ್ರೆ ಟೇಪ್ ಹೋಗಿದೆ, ನಲ್ಲಿ ಚೆನ್ನಾಗಿರಬಹುದು. ನೀರು ಸಣ್ಣಗೆ, ಅಡ್ಡಾದಿಡ್ಡಿ ಬಂದ್ರೆ ಮೂತಿಯ ಜಾಲರಿ ಕಟ್ಟಿದೆ. ಅದನ್ನ ಬಿಚ್ಚಿ ರಾತ್ರಿ ವಿನೆಗರ್‌ನಲ್ಲೋ ನಿಂಬೆರಸದಲ್ಲೋ ನೆನೆಹಾಕಿ. ನಮ್ಮ ಕಡೆ ಬೋರ್ ನೀರಿನ ಬಿಳಿ ಪೊರೆ ಹೆಚ್ಚಾಗಿ ಕ್ಯಾಲ್ಸಿಯಂ ಕಾರ್ಬೋನೇಟ್. ಹುಳಿ ತಾಗಿದ್ರೆ ಕರಗುತ್ತೆ.

ಹಾಗಾದ್ರೆ ಪೂರ್ತಿ ಬದಲಾಯಿಸೋದು ಯಾವಾಗ? ಹೊಸ ವಾಷರ್ ಹಾಕಿದ್ರೂ ಸೋರಿದ್ರೆ, ಅಂದ್ರೆ ವಾಷರ್ ಕೂರೋ ಒಳಗಿನ ಹಿತ್ತಾಳೆ ಸೀಟೇ ಸವೆದು ಗುಳಿ ಬಿದ್ದಿದೆ. ಮೈ ಬಿರುಕು ಬಿಟ್ಟಿದ್ರೆ. ಇಲ್ಲಾ, ನಮ್ಮನೆ ಥರ, ಬಳಸೋರ ಕೈಗೆ ಆ ನಲ್ಲಿ ಆಗದೇ ಇದ್ರೆ. ನಮ್ಮಲ್ಲಿ ಮೊದಲನೇದೂ ಇತ್ತು, ಮೂರನೇದೂ ಇತ್ತು.

ಯಾವ ನಲ್ಲಿ ತಗೋಬೇಕು

ಇಲ್ಲಿ ಯೂಟ್ಯೂಬ್ ವೀಡಿಯೊಗಳು ನಮಗೆ ಸರಿಹೊಂದಲ್ಲ. ಅಲ್ಲಿ ತೋರಿಸೋದು ಸಿಂಕ್ ಮೇಲೆಯೇ ಕೂರೋ, ಹಂಸದ ಕತ್ತಿನ, ಎಳೆದ್ರೆ ಪೈಪ್ ಸಮೇತ ಹೊರಗೆ ಬರೋ ನಲ್ಲಿ. ನಮ್ಮ ಮನೆಗಳಲ್ಲಿ ಬಹುಪಾಲು ಗೋಡೆಗೆ ಸೇರೋ ನಲ್ಲಿ. ಅಂಗಡಿಯಲ್ಲಿ 'ವಾಲ್ ಮೌಂಟ್ ಸಿಂಕ್ ಕಾಕ್' ಅಂತ ಕೇಳಿ. ಮೂತಿ ಎಡಕ್ಕೂ ಬಲಕ್ಕೂ ತಿರುಗುತ್ತೆ. ಅಳತೆ ಅರ್ಧ ಇಂಚು, ಅಂದ್ರೆ 15 ಎಂಎಂ. ಥ್ರೆಡ್‌ನ ಹೊರಗಿನ ಅಗಲ ಸ್ಕೇಲ್ ಇಟ್ಟು ಅಳೆದ್ರೆ ಸುಮಾರು 21 ಎಂಎಂ ಬರುತ್ತೆ. ಗಾಬರಿ ಆಗ್ಬೇಡಿ, ಅರ್ಧ ಇಂಚು ಅನ್ನೋದು ಪೈಪಿನ ಒಳಗಿನ ಅಳತೆಯಿಂದ ಬಂದ ಹೆಸರು.

ಇನ್ನು ಪ್ರೆಷರ್. ಇದು ಬಹಳ ಮುಖ್ಯ. 10 ಮೀಟರ್ ಎತ್ತರದ ನೀರು ಸುಮಾರು ಒಂದು ಬಾರ್ ಒತ್ತಡ ಕೊಡುತ್ತೆ. ಒಂದೇ ಅಂತಸ್ತಿನ ಮನೆ, ತಾರಸಿ ಮೇಲೆ ಟ್ಯಾಂಕ್. ಟ್ಯಾಂಕಿನ ನೀರು ನಲ್ಲಿಗಿಂತ ಮೂರು ಮೀಟರ್ ಮೇಲಿದೆ ಅಂದ್ಕೊಳ್ಳಿ. ಒತ್ತಡ 0.3 ಬಾರ್ ಅಷ್ಟೇ. ಎಳೆಯೋ ಪೈಪಿನ ನಲ್ಲಿ, ಸ್ಪ್ರೇ ನಲ್ಲಿ, ನೊರೆನೊರೆಯಾಗಿ ನೀರು ಬಿಡೋ ನಲ್ಲಿ, ಇವೆಲ್ಲ ಸಾಮಾನ್ಯವಾಗಿ ಇದಕ್ಕಿಂತ ಜಾಸ್ತಿ ಒತ್ತಡ ಕೇಳುತ್ತೆ. ಬೆಂಗಳೂರಿನ ಅಪಾರ್ಟ್‌ಮೆಂಟಲ್ಲಿ ಅಕ್ಕನ ಮನೇಲಿ ಚೆನ್ನಾಗಿ ಬರುತ್ತೆ ಅಂತ ಅದನ್ನೇ ತಂದು ಹಳ್ಳಿ ಮನೆಗೆ ಹಾಕಿದ್ರೆ ದಾರದ ಥರ ನೀರು ಬರುತ್ತೆ. ಪೆಟ್ಟಿಗೆ ಮೇಲೆ ಕನಿಷ್ಠ ಒತ್ತಡ ಎಷ್ಟು ಅಂತ ಬರೆದಿದ್ರೆ ಓದಿ. ನಮಗೆ ಸರಳವಾದ, ಒಳದಾರಿ ಅಗಲವಾಗಿರೋ ನಲ್ಲಿ ಸಾಕು.

ಲೋಹ. ಹಿತ್ತಾಳೆ ನಲ್ಲಿ ಕೈಯಲ್ಲಿ ಹಿಡಿದ್ರೆ ತೂಕ ಗೊತ್ತಾಗುತ್ತೆ. ತುಂಬ ಹಗುರ, ತುಂಬ ಹೊಳಪು, ತುಂಬ ಅಗ್ಗ, ಮೂರೂ ಒಟ್ಟಿಗೆ ಬಂದ್ರೆ ಅನುಮಾನ ಪಡಿ. ಐಎಸ್ಐ ಮುದ್ರೆ ನೋಡಿ. ಬಜೆಟ್ ಕಡಿಮೆ ಇದ್ರೆ ಪಿಟಿಎಂಟಿ ಅನ್ನೋ ಪ್ಲಾಸ್ಟಿಕ್ ನಲ್ಲಿಗಳಿವೆ. ಗಡಸು ನೀರಿಗೆ ಅವು ತುಕ್ಕು ಹಿಡಿಯಲ್ಲ, ಕೆಟ್ಟ ಆಯ್ಕೆ ಏನಲ್ಲ.

ಕಾಲು ಸುತ್ತಿನದೋ, ಪೂರ್ತಿ ತಿರುಗಿಸೋದೋ? ಎರಡಕ್ಕೂ ಲಾಭ ನಷ್ಟ ಇದೆ. ಹಳೇ ಥರದ್ದನ್ನ ಯಾವ ಹಳ್ಳಿ ಅಂಗಡಿಯಲ್ಲೂ ಸಿಗೋ ವಾಷರ್‌ನಿಂದ ರಿಪೇರಿ ಮಾಡಬಹುದು. ಕಾಲು ಸುತ್ತಿನದು ಕೈಗೆ ಸುಲಭ, ಆದ್ರೆ ಬೋರ್ ನೀರಲ್ಲಿ ಮರಳು ಬಂದ್ರೆ ಸೆರಾಮಿಕ್ ಬಿಲ್ಲೆ ಗೀರುತ್ತೆ. ನಮ್ಮನೇಲಿ ತೀರ್ಮಾನ ಅಮ್ಮನ ಮಣಿಕಟ್ಟೇ ಮಾಡ್ತು. ಉದ್ದ ಹಿಡಿಯ ಲಿವರ್ ನಲ್ಲಿ ತಂದ್ವಿ, ಜೊತೆಗೆ ಟ್ಯಾಂಕಿಗೆ ನೀರು ಬೀಳೋ ಕಡೆ ಒಂದು ಜಾಲರಿ ಫಿಲ್ಟರ್ ಹಾಕಿದ್ವಿ.

ಅಂಗಡಿಯಲ್ಲಿ "ಯಾರಾದ್ರೂ ಗಂಡಸ್ರನ್ನ ಕಳ್ಸಮ್ಮ, ನಿಂಗೆ ಗೊತ್ತಾಗಲ್ಲ" ಅನ್ನೋ ಮಾತು ಬಂತು. ನಾನು ಹಳೇ ಅಳತೆ ಬರೆದಿದ್ದ ಚೀಟಿ ಕೌಂಟರ್ ಮೇಲಿಟ್ಟೆ. ಚೀಟಿ ಓದಿದ್ಮೇಲೆ ನಲ್ಲಿ ಬಂತು. ಹುಡುಗೀರಿಗೆ ಹೇಳೋದು ಇಷ್ಟೇ, ವಾದ ಮಾಡೋಕೆ ಹೋಗ್ಬೇಡಿ, ಅಳತೆ ತಗೊಂಡ್ ಹೋಗಿ.

ಬಿಚ್ಚೋ ಮೊದಲು

ಬೇಕಾಗೋ ಸಾಮಾನು: 10 ಅಥವಾ 12 ಇಂಚಿನ ಹೊಂದಿಸೋ ಪಾನಾ ಒಂದು, ಟೆಫ್ಲಾನ್ ಟೇಪ್, ಹಳೇ ಹಲ್ಲುಜ್ಜೋ ಬ್ರಷ್, ಹಳೇ ಬಟ್ಟೆ, ಬಕೆಟ್, ಟಾರ್ಚ್. ಅಷ್ಟೇ.

ನೀರು ನಿಲ್ಲಿಸೋದು ಅರ್ಧ ಕೆಲಸ. ಟ್ಯಾಂಕಿಂದ ಇಳಿಯೋ ಪೈಪಲ್ಲಿ ವಾಲ್ವ್ ಇರುತ್ತೆ, ಅದನ್ನ ಮುಚ್ಚಿ. ಮೋಟರ್ ಸ್ವಿಚ್ ಆಫ್ ಮಾಡಿ, ಮನೇಲಿ ಎಲ್ಲರಿಗೂ ಹೇಳಿಡಿ. ಇಲ್ಲಾಂದ್ರೆ ನೀವು ಪೈಪ್ ತೆಗೆದಿಟ್ಟಾಗಲೇ ಯಾರೋ "ಕರೆಂಟ್ ಬಂತು" ಅಂತ ಮೋಟರ್ ಹಾಕ್ತಾರೆ. ಸಿಂಕ್ ನಲ್ಲಿ ನೇರವಾಗಿ ಪಂಚಾಯ್ತಿ ಲೈನಿಗೆ ಸೇರಿದ್ರೆ ನೀರು ಬಿಡೋ ಹೊತ್ತು ಮುಗಿದ ಮೇಲೆ ಕೆಲಸ ಹಿಡೀರಿ. ಹಳೇ ಮನೆಗಳಲ್ಲಿ ವಾಲ್ವೇ ಇರಲ್ಲ, ಇದ್ರೂ ತುಕ್ಕು ಹಿಡಿದು ತಿರುಗಲ್ಲ. ಆಗ ಟ್ಯಾಂಕ್ ಖಾಲಿ ಆಗೋ ದಿನ ನೋಡ್ಕೊಂಡು, ಉಳಿದ ನೀರನ್ನ ಬಕೆಟ್ಟು, ಹಂಡೆಗಳಿಗೆ ತುಂಬ್ಕೊಂಡು ಶುರು ಮಾಡಿ. ಬಿಸಿನೀರು, ತಣ್ಣೀರು ಎರಡೂ ಸೇರೋ ಮಿಕ್ಸರ್ ನಲ್ಲಿಯಾದ್ರೆ ಗೀಸರ್ ಸ್ವಿಚ್ ಆಫ್ ಮಾಡೋದು ಕಡ್ಡಾಯ.

ಆಮೇಲೆ ಸಿಂಕ್ ನಲ್ಲಿ, ಬಚ್ಚಲುಮನೆ ನಲ್ಲಿ ಎಲ್ಲ ತೆಗೆದು ಪೈಪಲ್ಲಿರೋ ನೀರು ಹರಿದುಹೋಗೋಕೆ ಬಿಡಿ. ಸಿಂಕಿನ ತೂತಿಗೆ ಬಟ್ಟೆ ತುರುಕಿ. ವಾಷರ್, ಸ್ಕ್ರೂ ಬಿದ್ರೆ ನೇರ ಚರಂಡಿಗೇ ಹೋಗುತ್ತೆ.

ದಿನದ ಆಯ್ಕೆ ಬಗ್ಗೆ ಒಂದು ಮಾತು. ಜಾತ್ರೆ ಹಿಂದಿನ ದಿನ, ಹಬ್ಬದ ಹಿಂದಿನ ದಿನ ಈ ಕೆಲಸ ಬೇಡ. ಮನೆ ತುಂಬ ನೆಂಟರು, ಹೋಳಿಗೆ ಪಾತ್ರೆ ರಾಶಿ ಬಿದ್ದಾಗ ನೀರಿಲ್ಲ ಅಂದ್ರೆ ನಿಮಗೇ ಬೈಗುಳ. ಬೆಳಿಗ್ಗೆ ತಿಂಡಿ ಆದ್ಮೇಲೆ ಶುರು ಮಾಡಿ. ಅಂಗಡಿ ತೆಗೆದಿರೋ ವಾರದ ದಿನ ಒಳ್ಳೇದು.

ಬಿಚ್ಚೋದು

ನಲ್ಲಿಗೆ ಎದುರಾಗಿ ನಿಂತ್ಕೊಳ್ಳಿ. ಗೋಡೆ ಹತ್ತಿರ ಒಂದು ದುಂಡನೆ ತಟ್ಟೆ ಇರುತ್ತೆ, ಫ್ಲಾಂಜ್ ಅಂತಾರೆ. ಅದನ್ನ ಮುಂದಕ್ಕೆ ಎಳ್ಕೊಳ್ಳಿ. ಪಾನಾ ಕೂರೋ ಚಪ್ಪಟೆ ಜಾಗ ಕಾಣುತ್ತೆ. ಅಲ್ಲಿ ಹಿಡಿದು ಗಡಿಯಾರದ ಮುಳ್ಳಿನ ವಿರುದ್ಧ ದಿಕ್ಕಿಗೆ ತಿರುಗಿಸಿ.

ಎಳೆತ ನಿಧಾನವಾಗಿ, ಒಂದೇ ಸಮ ಇರಲಿ. ಜರ್ಕ್ ಕೊಡ್ಬೇಡಿ, ಸುತ್ತಿಗೆಯಿಂದ ಹೊಡೀಬೇಡಿ. ಯಾಕಂದ್ರೆ ಈ ನಲ್ಲಿ ಕೂತಿರೋದು ಗೋಡೆಯೊಳಗಿನ ಒಂದು ಎಲ್ಬೋಗೆ. ಹೊಸ ಮನೆಯಾದ್ರೆ ಅದು ಸಿಪಿವಿಸಿ ಪ್ಲಾಸ್ಟಿಕ್ಕು, ಒಳಗೆ ಹಿತ್ತಾಳೆ ಥ್ರೆಡ್. ಹಳೇ ಮನೆಯಾದ್ರೆ ಜಿಐ ಕಬ್ಬಿಣ. ಪ್ಲಾಸ್ಟಿಕ್ ಎಲ್ಬೋ ಸೀಳಿದ್ರೆ ಅಥವಾ ತುಕ್ಕು ಹಿಡಿದ ಕಬ್ಬಿಣ ಗೋಡೆಯೊಳಗೆ ಮುರಿದ್ರೆ ಟೈಲ್ಸ್ ಒಡೆದೇ ಸರಿಮಾಡಬೇಕು. ಆಗ ಸಾವಿರ ರೂಪಾಯಿ ಕೆಲಸ ಹತ್ತು ಸಾವಿರಕ್ಕೆ ಹೋಗುತ್ತೆ.

ನಮ್ಮನೇದು ಜಿಐ. ನಲ್ಲಿ ಅಲ್ಲಾಡಲಿಲ್ಲ. ಸಂದಿಗೆ ತುಕ್ಕು ಬಿಡಿಸೋ ಎಣ್ಣೆ ಸ್ಪ್ರೇ ಹೊಡೆದು ಬಿಟ್ಟೆ. ಸಂಜೆ ಇನ್ನೊಂದು ಸಲ ಹೊಡೆದೆ. ಮಾರನೇ ದಿನ ಬೆಳಿಗ್ಗೆ ಬಿಸಿನೀರಲ್ಲಿ ಅದ್ದಿದ ಬಟ್ಟೆ ಸುತ್ತಿಟ್ಟು, ಆಮೇಲೆ ಪಾನಾ ಹಿಡಿದೆ. 'ಕಿರ್' ಅಂತ ಒಂದು ಸದ್ದು, ಕೂದಲೆಳೆಯಷ್ಟು ತಿರುಗ್ತು. ಅಲ್ಲಿಂದ ಮುಂದೆ ಕೈಯಲ್ಲೇ ಬಂತು. ಈ ಕೆಲಸದಲ್ಲಿ ಬಲಕ್ಕಿಂತ ಒಂದು ರಾತ್ರಿಯ ಕಾಯುವಿಕೆ ದೊಡ್ಡದು.

ಎಲ್ಲಿ ನಿಲ್ಲಿಸಬೇಕು ಅಂತಲೂ ಹೇಳಿಬಿಡ್ತೀನಿ. ನಲ್ಲಿ ಜೊತೆ ಗೋಡೆಯೊಳಗಿನ ಪೈಪೂ ತಿರುಗ್ತಿದೆ ಅನ್ಸಿದ್ರೆ ನಿಲ್ಲಿಸಿ. ನಲ್ಲಿ ಮುರಿದು ಥ್ರೆಡ್ ತುಂಡು ಒಳಗೇ ಉಳಿದ್ರೆ ನಿಲ್ಲಿಸಿ. ಟೈಲ್ಸ್ ಹಿಂದೆ ಗೋಡೆ ಈಗಾಗಲೇ ಒದ್ದೆ ಇದ್ರೆ ಶುರುವೇ ಮಾಡ್ಬೇಡಿ. ಇವು ಪ್ಲಂಬರ್ ಕೆಲಸ.

ಟೆಫ್ಲಾನ್ ಟೇಪ್

ನಲ್ಲಿ ಬಂದ ಮೇಲೆ ಬ್ರಷ್‌ನಿಂದ ಗೋಡೆಯೊಳಗಿನ ಥ್ರೆಡ್ ಸ್ವಚ್ಛ ಮಾಡಿ. ಹಳೇ ಟೇಪಿನ ಚೂರು, ಬಿಳಿ ಪೊರೆ, ಹಳೇ ಮನೆಗಳಲ್ಲಾದ್ರೆ ದಾರ ಮತ್ತು ಸಫೇದಾ ಸಿಗುತ್ತೆ. ಟೇಪ್ ಬರೋ ಮೊದಲು ಪ್ಲಂಬರ್‌ಗಳು ದಾರ ಸುತ್ತಿ ಬಿಳಿ ಪೇಸ್ಟ್ ಬಳಿತಿದ್ರು. ಹಳೇ ಸಫೇದಾದಲ್ಲಿ ಸೀಸ ಇರೋ ಸಾಧ್ಯತೆ ಇದೆ. ಕೆರೆದ ಪುಡಿ ಸಿಂಕಲ್ಲಿ ಬಿಡ್ಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೀರಿ, ಕೈ ತೊಳ್ಕೊಳ್ಳಿ.

ಟೆಫ್ಲಾನ್ ಅಂದ್ರೆ ಪಿಟಿಎಫ್ಇ. 1938ರಲ್ಲಿ ಅಮೆರಿಕದ ಡುಪಾಂಟ್ ಕಂಪನಿಯಲ್ಲಿ ರಾಯ್ ಪ್ಲಂಕೆಟ್ ಅನ್ನೋ ರಸಾಯನ ವಿಜ್ಞಾನಿ ಫ್ರಿಜ್ ತಂಪು ಮಾಡೋ ಅನಿಲದ ಮೇಲೆ ಕೆಲಸ ಮಾಡ್ತಿದ್ದಾಗ, ಸಿಲಿಂಡರಿನೊಳಗೆ ಅನಿಲದ ಬದಲು ಬಿಳಿ ಪುಡಿ ಸಿಕ್ತು. ನಮ್ಮ ದೋಸೆ ತವಾಕ್ಕೂ, ನಲ್ಲಿ ಟೇಪಿಗೂ ಅದೇ ಮೂಲ. ಏನೂ ಅಂಟಲ್ಲ, ನೀರು ನೆನೆಸಲ್ಲ, ಜಾರುತ್ತೆ. ಥ್ರೆಡ್ ಸಂದಿಗಳಲ್ಲಿ ತುಂಬ್ಕೊಂಡು ನೀರಿಗೆ ದಾರಿ ಮುಚ್ಚುತ್ತೆ.

ಸುತ್ತೋ ದಿಕ್ಕು ಗಮನ ಇಟ್ಟು ಕೇಳಿ. ಹೊಸ ನಲ್ಲಿಯ ಥ್ರೆಡ್ ತುದಿ ನಿಮ್ಮ ಮುಖದ ಕಡೆ ಇರೋ ಹಾಗೆ ಹಿಡೀರಿ. ಈಗ ಗಡಿಯಾರದ ಮುಳ್ಳು ಹೋಗೋ ದಿಕ್ಕಲ್ಲಿ ಸುತ್ತಿ. ಹೀಗೆ ಸುತ್ತಿದ್ರೆ ನಲ್ಲಿ ಬಿಗಿ ಮಾಡುವಾಗ ಟೇಪ್ ಇನ್ನೂ ಬಿಗಿಯಾಗುತ್ತೆ. ಉಲ್ಟಾ ಸುತ್ತಿದ್ರೆ ಮುದುರಿ ಹೊರಗೆ ಬರುತ್ತೆ. ತುದಿಯ ಮೊದಲ ಒಂದು ಥ್ರೆಡ್ ಖಾಲಿ ಬಿಡಿ. ಟೇಪನ್ನ ಸ್ವಲ್ಪ ಎಳೆದು ಹಿಡಿದು ಸುತ್ತಿ. ನಮ್ಮ ಅಂಗಡಿಗಳಲ್ಲಿ ಸಿಗೋ ತೆಳು ಟೇಪಾದ್ರೆ 10ರಿಂದ 15 ಸುತ್ತು. ದಪ್ಪ ಟೇಪಾದ್ರೆ ಕಡಿಮೆ ಸಾಕು. ಜಾಸ್ತಿ ಸುತ್ತಿದ್ರೆ ಒಳ್ಳೇದು ಅನ್ನೋದು ತಪ್ಪು. ತುಂಬ ದಪ್ಪ ಆದ್ರೆ ಎಲ್ಬೋ ಸೀಳಬಹುದು.

ಕೂರಿಸೋದು

ಟೇಪ್ ಸುತ್ತೋ ಮೊದಲೇ ಟೇಪ್ ಇಲ್ಲದೆ ನಲ್ಲಿಯನ್ನ ಒಂದು ಸಲ ಕೈಯಲ್ಲಿ ತಿರುಗಿಸಿ ನೋಡಿ. ಎಷ್ಟು ಸುತ್ತು ಹೋಗುತ್ತೆ, ಮೂತಿ ಸಿಂಕಿನ ಮಧ್ಯಕ್ಕೆ ಬರುತ್ತಾ ಅಂತ ಗೊತ್ತಾಗುತ್ತೆ. ಟೈಲ್ಸ್ ಹಾಕಿದ್ಮೇಲೆ ಎಲ್ಬೋ ತುಂಬ ಒಳಗೆ ಹೋಗಿದ್ರೆ ನಲ್ಲಿ ಥ್ರೆಡ್ ಅಲ್ಲಿಗೆ ಮುಟ್ಟಲ್ಲ. ಅದಕ್ಕೆ ಎಕ್ಸ್‌ಟೆನ್ಷನ್ ನಿಪ್ಪಲ್ ಅಂತ ಸಣ್ಣ ಹಿತ್ತಾಳೆ ತುಂಡು ಸಿಗುತ್ತೆ, ಅರ್ಧ ಇಂಚು, ಒಂದು ಇಂಚು, ಹೀಗೆ ಬೇರೆ ಬೇರೆ ಉದ್ದದಲ್ಲಿ. ಅದಕ್ಕೂ ಟೇಪ್ ಸುತ್ತಬೇಕು.

ಈಗ ಫ್ಲಾಂಜ್ ಮೊದಲು ನಲ್ಲಿಗೆ ಸೇರಿಸಿ, ಆಮೇಲೆ ಟೇಪ್ ಸುತ್ತಿದ ನಲ್ಲಿ ಗೋಡೆಗೆ. ಕೈಯಲ್ಲೇ ಆಗುವಷ್ಟು ತಿರುಗಿಸಿ. ಅಡ್ಡ ಕೂತ್ರೆ ಮೊದಲ ಸುತ್ತಲ್ಲೇ ಬಿಗಿ ಅನ್ಸುತ್ತೆ. ಆಗ ಬಲ ಹಾಕ್ಬೇಡಿ, ತೆಗೆದು ನೇರ ಮಾಡಿ. ಕೊನೆಯ ಅರ್ಧದಿಂದ ಒಂದು ಸುತ್ತು ಮಾತ್ರ ಪಾನಾದಲ್ಲಿ. ಹೊಳಪಿಗೆ ಗೀರು ಬೀಳದ ಹಾಗೆ ಮಧ್ಯೆ ಬಟ್ಟೆ ಇಡಿ. ನಲ್ಲಿ ನೆಟ್ಟಗೆ ನಿಂತ ಜಾಗದಲ್ಲೇ ಬಿಗಿಯಾಗಬೇಕು. ದಾಟಿ ಮುಂದೆ ಹೋಗಿಬಿಟ್ರೆ ಹಿಂದಕ್ಕೆ ತಿರುಗಿಸಿ ಸರಿಮಾಡೋದು ಬೇಡ, ಅಲ್ಲಿ ಸೋರುತ್ತೆ. ಪೂರ್ತಿ ಬಿಚ್ಚಿ, ಹೊಸ ಟೇಪ್ ಸುತ್ತಿ, ಮತ್ತೆ ಹಾಕಿ. ಟೇಪ್ ಇಪ್ಪತ್ತು ರೂಪಾಯಿ. ಜಿಪುಣತನ ಇಲ್ಲಿ ಬೇಡ.

ಸಿಂಕ್ ಮೇಲೆಯೇ ಕೂರೋ ನಲ್ಲಿ ಇರೋರಿಗೆ ಎರಡೇ ಮಾತು. ಸಿಂಕ್ ಕೆಳಗಿನ ಆಂಗಲ್ ಕಾಕ್ ಮುಚ್ಚಿದ್ರೆ ಸಾಕು, ಟ್ಯಾಂಕ್ ಮುಚ್ಚಬೇಕಿಲ್ಲ. ಜೋಡಿಸೋ ಕನೆಕ್ಷನ್ ಪೈಪಿನ ನಟ್ಟೊಳಗೆ ರಬ್ಬರ್ ವಾಷರ್ ಇರುತ್ತೆ, ಅದೇ ನೀರು ತಡೆಯುತ್ತೆ. ಅಲ್ಲಿ ಟೇಪ್ ಬೇಕಿಲ್ಲ, ಕೈಬಿಗಿ ಮೇಲೆ ಕಾಲು ಸುತ್ತು ಸಾಕು.

ನೀರು ಬಿಡೋದು

ವಾಲ್ವ್ ನಿಧಾನವಾಗಿ ತೆಗೀರಿ. ಮೂತಿಯ ಜಾಲರಿ ಬಿಚ್ಚಿಟ್ಟು ನಲ್ಲಿ ಪೂರ್ತಿ ತೆಗೀರಿ. ಮೊದಲು ಗಾಳಿ, ಆಮೇಲೆ ಕಂದು ನೀರು, ತುಕ್ಕು, ಮರಳು ಬರುತ್ತೆ. ಎಲ್ಲ ಹೋಗ್ಲಿ. ಆಮೇಲೆ ಜಾಲರಿ ಹಾಕಿ, ನಲ್ಲಿ ಮುಚ್ಚಿ, ಗೋಡೆ ಸಂದಿಯ ಕೆಳಗೆ ಒಂದು ಒಣ ಪೇಪರ್ ಚೂರು ಸುತ್ತಿಡಿ. ಕಣ್ಣಿಗೆ ಕಾಣದ ಜಿನುಗೂ ಪೇಪರಿನ ಮೇಲೆ ಕಾಣುತ್ತೆ. ಅರ್ಧ ಗಂಟೆ ಬಿಟ್ಟು ನೋಡಿ, ಮಾರನೇ ದಿನ ಬೆಳಿಗ್ಗೆ ಮತ್ತೆ ನೋಡಿ.

ಇನ್ನೊಂದು ಸಣ್ಣ ಅಭ್ಯಾಸ. ಹಿತ್ತಾಳೆಯಲ್ಲಿ ಸ್ವಲ್ಪ ಸೀಸ ಇರಬಹುದು. ಕುಡಿಯೋ ನೀರಿನ ಭಾರತೀಯ ಮಾನದಂಡ ಐಎಸ್ 10500, ಅದರಲ್ಲಿ ಸೀಸಕ್ಕೆ ಇರೋ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಹಾಗಾಗಿ ಹೊಸ ನಲ್ಲಿ ಹಾಕಿದ ಮೊದಲ ದಿನಗಳಲ್ಲಿ, ರಾತ್ರಿಯಿಡೀ ನಲ್ಲಿಯೊಳಗೆ ನಿಂತ ನೀರನ್ನ ಬೆಳಿಗ್ಗೆ ಕಾಫಿಗೆ ಹಿಡೀಬೇಡಿ. ಮೊದಲ ಒಂದೆರಡು ಚೊಂಬು ಪಾತ್ರೆ ತೊಳೆಯೋಕೆ ಬಳಸಿ.

ಪ್ಲಂಬರ್ ಬಗ್ಗೆ ಒಂದು ಮಾತು

"ಒಂದು ನಲ್ಲಿ ಹಾಕೋಕೆ ಐನೂರು ಕೇಳ್ತಾರೆ" ಅಂತ ನಾವು ಗೊಣಗ್ತೀವಿ. ಕಾಮರ್ಸ್ ಕಣ್ಣಲ್ಲಿ ನೋಡಿ. ಅವರು ಬೀರೂರಿಂದಲೋ ಅಜ್ಜಂಪುರದಿಂದಲೋ ಬೈಕಲ್ಲಿ ಬರಬೇಕು. ಪೆಟ್ರೋಲು, ಹೋಗಿಬರೋ ಹೊತ್ತು, ಆ ಹೊತ್ತಲ್ಲಿ ಬಿಟ್ಟ ದೊಡ್ಡ ಕೆಲಸ, ಇದೆಲ್ಲ ಅವರ ಸ್ಥಿರ ವೆಚ್ಚ. ಒಂದು ನಲ್ಲಿ ಇರಲಿ, ಐದು ಇರಲಿ, ಆ ವೆಚ್ಚ ಅಷ್ಟೇ. ಅದಕ್ಕೇ ಒಂದು ನಲ್ಲಿಗೆ ಬರೋಕೆ ಅವರಿಗೆ ಮನಸ್ಸಿಲ್ಲ, ಕರೆಯೋಕೆ ನಮಗೆ ಮನಸ್ಸಿಲ್ಲ. ಮಧ್ಯದಲ್ಲಿ ನಲ್ಲಿ ಸೋರ್ತಾನೇ ಇರುತ್ತೆ.

ಇದಕ್ಕೆ ಪರಿಹಾರ ಇದೆ. ಸುಲಭದ್ದು ನಾವೇ ಮಾಡ್ಕೊಳ್ಳೋದು. ಗೋಡೆಯೊಳಗಿನದು, ಮಿಕ್ಸರ್, ಗೀಸರ್ ಲೈನ್, ಇವನ್ನ ಅಕ್ಕಪಕ್ಕದ ಮೂರ್ನಾಲ್ಕು ಮನೆಯವರು ಪಟ್ಟಿ ಮಾಡಿ, ಒಂದೇ ದಿನ ಕರೆಸೋದು. ಬೀದಿಯ ವಾಟ್ಸಾಪ್ ಗ್ರೂಪಲ್ಲಿ ಗುಡ್ ಮಾರ್ನಿಂಗ್ ಫೋಟೊ ಜೊತೆಗೆ ಇದೂ ಬರಲಿ. ಅವರಿಗೂ ದಿನ ಪೂರ್ತಿ ದುಡಿಮೆ, ನಮಗೂ ಖರ್ಚು ಹಂಚಿಕೆ.

ನನ್ನ ಖರ್ಚು ಕೇಳಿದೋರಿಗೆ: ಹಿತ್ತಾಳೆಯ ನಲ್ಲಿ ಸಾವಿರದೊಳಗೆ, ಪಾನಾ ನಾನೂರು ಚಿಲ್ಲರೆ, ಟೇಪ್ ಇಪ್ಪತ್ತು. ಪಾನಾವನ್ನ ಖರ್ಚಿಗೆ ಬರೆಯಲ್ಲ, ಅದು ಆಸ್ತಿ. ಅದು ಈಗಾಗಲೇ ಬೀದಿಯಲ್ಲಿ ಎರಡು ಮನೆ ಸುತ್ತಿ ಬಂದಿದೆ. ಒಂದು ಮನೇಲಿ ಪಿಯುಸಿ ಓದೋ ಹುಡುಗಿ ಅವಳೇ ಟೇಪ್ ಸುತ್ತಿದಳು, ನಾನು ಟಾರ್ಚ್ ಹಿಡ್ಕೊಂಡಿದ್ದೆ ಅಷ್ಟೇ.

ನಿಮ್ಮ ಕೆಲಸ ಇವತ್ತಿಗೆ ಎರಡೇ. ರಾತ್ರಿ ಲೋಟ ಇಟ್ಟು 10 ನಿಮಿಷದ ಲೆಕ್ಕ ತೆಗೀರಿ. ಮತ್ತೆ ಮನೇಲಿ ಸಿಂಕ್ ಮುಂದೆ ಜಾಸ್ತಿ ಹೊತ್ತು ನಿಲ್ಲೋರು ಯಾರೋ, ಅಮ್ಮನೋ, ಅಜ್ಜಿಯೋ, ಅಪ್ಪನೋ, ಅವರು ನಲ್ಲಿ ಹೇಗೆ ಮುಚ್ತಾರೆ ಅಂತ ಒಂದು ನಿಮಿಷ ನೋಡಿ. ಕೇಳ್ಬೇಡಿ, ಕೇಳಿದ್ರೆ "ಏನಿಲ್ಲ ಬಿಡು" ಅಂತಾರೆ. ನೋಡಿ ಅಷ್ಟೇ.

ಲೆಕ್ಕ ಎಷ್ಟು ಬಂತು ಅಂತ ನನಗೆ ವಾಯ್ಸ್ ಮೆಸೇಜ್ ಕಳ್ಸಿ. ಮುಂದಿನ ವಾರ ಸಿಂಕ್ ಕೆಳಗಿನ ಕೊಳವೆ ಬಗ್ಗೆ ಮಾತಾಡೋಣ, ಆ ವಾಸನೆ ಎಲ್ಲಿಂದ ಬರುತ್ತೆ ಅಂತ. ಅಲ್ಲಿವರೆಗೂ ನಲ್ಲಿ ಸರಿಯಾಗಿ ಮುಚ್ಚಿ, ಆರಾಮಾಗಿ ಮಲಗಿ. ನಮಸ್ಕಾರ.